ಮೂರು ತಿಂಗಳ ಮೀನು

ಸೊಸೈಟಿಯ ಐವತ್ತನೇ ವರ್ಷಕ್ಕೆ
ಒಂದೂವರೆ ನಿಮಿಷದ ವಿಡಿಯೊ ಬೇಕು,
ಮೀನು ಓಡಬೇಕು, ಎಂದರು ಸೆಕ್ರೆಟರಿ ಮೆಂಡನ್.
ಕ್ರಿಕೆಟ್ಟಿನ ರನ್ನು ಓಡುತ್ತದಲ್ಲ ಮೊಬೈಲಿನಲ್ಲಿ,
ಒಬ್ಬನ ಪಟ್ಟಿ ಇನ್ನೊಬ್ಬನದನ್ನು ಹಾರಿ ಮೇಲೇರುತ್ತದಲ್ಲ,
ಹಾಗೆ.

ಹೊಸಂಗಡಿ ಗೇಟಿನ ಪಕ್ಕ ನನ್ನ ಡಿಟಿಪಿ ಅಂಗಡಿಗೆ
ಗೋಣಿಯಲ್ಲಿ ಬಂದವು ಹನ್ನೊಂದು ಲೆಜರು.
ಬಿಚ್ಚಿದರೆ ಉಪ್ಪಿನ ವಾಸನೆ,
ನಡುಪುಟದಲ್ಲಿ ಒಣಗಿದ ಎಟ್ಟಿಯ ಒಂದು ಮೀಸೆ.
ಹದಿನೇಳು ರಾತ್ರಿ ಟೈಪು ಮಾಡಿದೆ.
ಕ್ಲಾರ್ಕು ವಾಮನ ಕರ್ಕೇರರ ಕನ್ನಡ ಅಂಕಿಯಲ್ಲಿ
ಆರಕ್ಕೂ ಒಂಬತ್ತಕ್ಕೂ ಬಾಲದ್ದಷ್ಟೇ ವ್ಯತ್ಯಾಸ,
ಒಂದು ಬಾಲ ತಪ್ಪಿ ಓದಿದರೆ
ಮುನ್ನೂರು ಬುಟ್ಟಿ ಮೀನು ಕಡಲಿಗೆ ವಾಪಸು.

ಗುಂಡಿ ಒತ್ತಿದೆ.
ಓಡಿದವು.
ಬಂಗುಡೆ ನೀಲಿ, ಬೂತಾಯಿ ಬೆಳ್ಳಿ, ನಂಗ್ ಮಣ್ಣಿನ ಬಣ್ಣ,
ಮೂಲೆಯಲ್ಲಿ ವರ್ಷ ತಾನೇ ತಾನಾಗಿ ಮಗುಚುತ್ತ
ಎಪ್ಪತ್ತೆಂಟು, ಎಪ್ಪತ್ತೊಂಬತ್ತು,
ಬೂತಾಯಿ ಪರದೆಯ ಅಂಚಿಗೆ ಮೂತಿ ತಾಗಿಸಿತು.
ಚಪ್ಪಾಳೆ ತಟ್ಟಿದೆ. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ.

ತೊಂಬತ್ತೊಂದರ ನವೆಂಬರಿನಲ್ಲಿ
ಬೂತಾಯಿ ಸತ್ತಿತು.
ಬಳಲಲಿಲ್ಲ, ಇಳಿಯಲಿಲ್ಲ,
ಇತ್ತು, ಇಲ್ಲ.
ಅದರ ಜಾಗದಲ್ಲಿ ತಾರ್ಲೆ ಎಂಬುದೊಂದು ಎದ್ದು
ಮೂರೇ ತಿಂಗಳು ಈಜಿ ಮುಳುಗಿತು.
ಆಮೇಲೆ ಮತ್ತಿ,
ಹುಟ್ಟುತ್ತಲೇ ಆಳೆತ್ತರ.

ಟೈಪು ಮಾಡಿದ್ದು ನಾನೇ.
ಬೆರಳಿಗೆ ಹೊಳೆದಿರಲಿಲ್ಲ,
ನಾಲಿಗೆಗೆ ಗೊತ್ತಿತ್ತು.
ಲೆಜರು ತೆರೆದು ನೋಡಿದರೆ
ವಾಮನರ ದುಂಡಕ್ಷರ ನಿಂತ ಗೆರೆಯ ಕೆಳಗೆ
ನಿವೃತ್ತಿ ಎಂದು ಒಂದು ಸಹಿ.
ಬದಲಿಗೆ ಬಂದವ ಫೆಲಿಕ್ಸ್, ಕೊಂಕಣಿಯವ, ತಾತ್ಕಾಲಿಕ.
ಮತ್ತೆ ಪಯ್ಯನ್ನೂರಿನ ಕುಂಞಂಬು, ಕಾಯಂ,
ಇನ್ನೂ ದುಂಡಗಿನ ಇನ್ನೊಂದು ಲಿಪಿ.
ಕಡಲಿಗೆ ಏನೂ ಆಗಿರಲಿಲ್ಲ.

ಮೂರು ಸಾಲು ಸೇರಿಸಿ ಒಂದು ಮಾಡಿದೆ.
ಹೆಸರು?
ಮೆಂಡನ್ನರಿಗೆ ಬೂತಾಯಿಯೇ ಆಗಬೇಕು,
ಅಧ್ಯಕ್ಷ ಅಂತುಞಿಗೆ ಮತ್ತಿ,
ಪಂಚಾಯತಿನಿಂದ ಬರುವವರೂ ಓದಬೇಡವೇ ಎಂದು ವಾದ.
ಬುಟ್ಟಿ ಇಳಿಸಿ ನೀರು ಕೇಳಿದ ಸುಗಂಧಿಯಕ್ಕ ಪರದೆ ನೋಡಿದಳು.
ಗೇಟಿನ ಈಚೆ ಬೂತಾಯಿ ಎನ್ನುತ್ತೇನೆ, ಆಚೆ ಮತ್ತಿ,
ಇಗರ್ಜಿಗುಡ್ಡೆ ಹತ್ತುವಾಗ ತಾರ್ಲೆ.
ಯಾವುದು ಕೂಗಿದರೂ ಮೊದಲು ಬರುವುದು ಬೆಕ್ಕೇ ಮಗಾ.

ಇನ್ನೊಂದಿತ್ತು.
ಆಟಿಯಲ್ಲಿ ಲೆಜರು ಖಾಲಿ.
ದೋಣಿ ಮಡಲಿನಡಿ ಮಗುಚಿ ಮಲಗಿದ ತಿಂಗಳು,
ಒಲೆಗೆ ಹಲಸಿನ ಬೀಜ, ಒಣಮೀನು, ಸಾಲ.
ಕಂಪ್ಯೂಟರಿಗೆ ಖಾಲಿ ಎಂದರೆ ಆಗದು,
ಹಿಂದಿನ ಅಂಕಿಗೂ ಮುಂದಿನ ಅಂಕಿಗೂ
ನಯವಾದ ಇಳಿಜಾರು ಕಟ್ಟಿಬಿಡುತ್ತದೆ,
ಯಾರೂ ಹಿಡಿಯದ ಮೀನು
ಆ ಇಳಿಜಾರಿನಲ್ಲಿ ಜಾರುತ್ತ ಬರುತ್ತದೆ.
ನೋಡಲು ಚಂದ.
ಒಂದೊಂದಾಗಿ ಅಳಿಸಿದೆ, ಐವತ್ತು ಆಟಿ.
ವರ್ಷಕ್ಕೊಮ್ಮೆ ತಡೆಯುತ್ತದಲ್ಲ, ನೆಟ್ ಸ್ಲೋ ಇದೆಯಾ?
ಕೇಳಿದರು ಮೆಂಡನ್.
ಅದು ಆಟಿ ಎಂದೆ.
ಓ ಎಂದರು. ಮತ್ತೆ ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ.

ಕೊನೆಗೆ ಪಟ್ಟಿಯ ಎಡಕ್ಕೆ ಬೂತಾಯಿ, ಬಲಕ್ಕೆ ಮತ್ತಿ,
ಜಗಳ ಬೇಡವೆಂದು ಒಂದೇ ಅಳತೆಯ ಅಕ್ಷರ.
ಯಾರಿಗೂ ಹೇಳದೆ ಒಂದು ಕೆಲಸ ಮಾಡಿದೆ,
ತೊಂಬತ್ತೊಂದು ಮುಗಿದು ತೊಂಬತ್ತೆರಡಾಗುವಲ್ಲಿ
ಮೂರು ತಿಂಗಳು ತಾರ್ಲೆ ಎಂದೇ ಬಿಟ್ಟೆ.
ಐವತ್ತು ವರ್ಷ ತೊಂಬತ್ತು ಸೆಕೆಂಡಿಗೆ ಇಳಿದಾಗ
ಅದಕ್ಕೆ ಸಿಕ್ಕಿದ್ದು ಅರ್ಧ ಸೆಕೆಂಡೂ ಅಲ್ಲ.

ಸಭೆಯ ದಿನ ಬಿಳಿ ಪಂಚೆಯ ಮೇಲೆ ಮೀನು ಓಡಿದವು.
ಮಕ್ಕಳು ಬಂಗುಡೆಯ ಪಕ್ಷ, ಕೇಕೆ.
ತಾರ್ಲೆ ಮಿಂಚಿದಾಗ
ಹಿಂದಿನ ಸಾಲಿನ ಮುದುಕರೊಬ್ಬರು
ಕುರ್ಚಿಯಿಂದ ಅರ್ಧ ಎದ್ದರು,
ಪಕ್ಕದವರನ್ನು ನೋಡಿ ಕೂತರು.

ಫೆಲಿಕ್ಸರನ್ನು ನಾನು ಕಂಡವಳಲ್ಲ.
ಹೊರಗೆ ಚಹಾ ಬಂದಿತ್ತು,
ಅದಕ್ಕೆ ಎದ್ದದ್ದೂ ಇರಬಹುದು.